ತಪ್ಪಾಯ್ತು ಅನ್ನೋದಕ್ಕೆ ಎರಡು ವರ್ಷ

ಇದನ್ನ ಬರೀಬೇಕು ಅಂದುಕೊಂಡು ಎರಡು ವರ್ಷದ ಮೇಲಾಯ್ತು. ಬರೆಯದೇ ಇದ್ದಿದ್ದಕ್ಕೆ ಸೋಮಾರಿತನ ಕಾರಣ ಅಲ್ಲ, ಈ ಸಲ ಮಾತ್ರ! "ಕೇಸು ಪೂರ್ತಿ ಮುಗಿಯೋವರೆಗೂ ಯಾರ ಹತ್ರಾನೂ ಈ ವಿಷಯ ಮಾತಾಡಬೇಡಿ, ಎಲ್ಲೂ ಒಂದು ಸಾಲೂ ಬರೀಬೇಡಿ" ಅಂತ ವಕೀಲರು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು. ಈಗ ಕೇಸು ಮುಗಿದಿದೆ, ಬಾಯಿಗೆ ಹಾಕಿದ್ದ ಬೀಗ ತೆಗೆದಿದ್ದಾರೆ, ಅದಕ್ಕೇ ಕೂತಿದ್ದೀನಿ.

2023ರ ನವೆಂಬರ್ ತಿಂಗಳು. ನಾನಿರೋ ನ್ಯೂ ಜೆರ್ಸಿಯಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಶುಕ್ರವಾರ ಸಂಜೆ ಐದೂವರೆಗೆ ಇನ್ನೂ ಬೆಳಕಿರತ್ತೆ, ಸೋಮವಾರ ಅದೇ ಐದೂವರೆಗೆ ಕತ್ತಲೆ. ಮನುಷ್ಯನ ಕಣ್ಣು ಈ ಬದಲಾವಣೆಗೆ ಒಂದು ವಾರ ತಗೊಳತ್ತೆ ಅಂತ ಕಾಣತ್ತೆ, ನನಗೆ ಆ ಒಂದು ವಾರ ಸಿಗಲಿಲ್ಲ. ಅವತ್ತು ಸೋಮವಾರ, ಜಿಟಿಜಿಟಿ ಮಳೆ, ಆಫೀಸಿನಿಂದ ಮನೆಗೆ ಬರ್ತಾ ಇದ್ದೆ. ಮನೆಗೆ ಇನ್ನು ಒಂದೇ ಮೈಲಿ. ದಿನಾ ತಿರುಗೋ ಸಿಗ್ನಲ್ಲು. ನನಗೆ ಹಸಿರು ಇತ್ತು, ಎದುರಿನಿಂದ ಬರೋ ಕಾರುಗಳ ಸಾಲು ಮುಗಿಯಲಿ ಅಂತ ಕಾಯ್ತಾ ಇದ್ದೆ. ಸ್ವಲ್ಪ ಸಂದು ಸಿಕ್ಕಿತು, ಎಡಕ್ಕೆ ತಿರುಗಿಸಿದೆ.

ಎದುರಿನ ಕಾರುಗಳನ್ನ ನೋಡಿದೆ. ತಿರುಗೋ ರಸ್ತೆಯನ್ನ ದಾಟ್ತಾ ಇದ್ದವರನ್ನ ನೋಡಲಿಲ್ಲ.

ಕಪ್ಪು ಕೋಟು ಹಾಕಿದ್ದ, ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ನಾನು ಬ್ರೇಕ್ ಒತ್ತುವಷ್ಟರಲ್ಲಿ ಕಾರಿನ ಮೂಲೆ ತಗುಲಿತ್ತು. ವೇಗ ಅಂದ್ರೆ ಗಂಟೆಗೆ ಹತ್ತು ಮೈಲಿ ಇದ್ದಿರಬಹುದು, ಆದರೆ ಬೀಳೋಕೆ ಅಷ್ಟು ಸಾಕು. ಅವರ ಕೈಯಲ್ಲಿದ್ದ ಚೀಲದಲ್ಲಿ ಒಂದು ಗ್ಯಾಲನ್ ಹಾಲಿತ್ತು. ಅದು ಒಡೆದು, ನನ್ನ ಹೆಡ್‌ಲೈಟಿನ ಬೆಳಕಲ್ಲಿ ಬಿಳಿಬಿಳಿಯಾಗಿ ಮಳೆನೀರಿನ ಜೊತೆ ರಸ್ತೆಯ ಅಂಚಿಗೆ ಹರೀತಾ ಇದ್ದಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಿಕ್ಕಿದ್ದು ಅಷ್ಟು ಚೆನ್ನಾಗಿ ನೆನಪಿಲ್ಲ. ಇಳಿದೆ, 911ಕ್ಕೆ ಫೋನ್ ಮಾಡಿದೆ, ಡಿಕ್ಕಿಯಲ್ಲಿದ್ದ ಕೊಡೆ ತಂದು ಅವರ ಮೇಲೆ ಹಿಡಿದು ಅಲ್ಲೇ ಮಂಡಿಯೂರಿ ಕೂತೆ. ಅವರು ಎಡಗೈಯನ್ನ ಬಲಗೈಯಲ್ಲಿ ಹಿಡ್ಕೊಂಡು "ಮೈ ರಿಸ್ಟ್, ಮೈ ರಿಸ್ಟ್" ಅಂತಿದ್ದರು. ನಾನು "ಅಯಾಮ್ ಸಾರಿ, ಅಯಾಮ್ ಸೋ ಸಾರಿ" ಅಂತಿದ್ದೆ. ಎಷ್ಟು ಸಲ ಅಂದೆನೋ ಲೆಕ್ಕ ಇಟ್ಟಿಲ್ಲ.

ಲೆಕ್ಕ ಇಡೋರು ಬೇರೆ ಇದ್ದರು ಅಂತ ಆಮೇಲೆ ಗೊತ್ತಾಯ್ತು.

*

ಆಂಬುಲೆನ್ಸ್ ಬಂತು, ಅವರನ್ನ ಕರ್ಕೊಂಡು ಹೋಯ್ತು. ಪೊಲೀಸ್ ಆಫೀಸರ್ ಒಬ್ಬ ಚಿಕ್ಕ ವಯಸ್ಸಿನ ಹುಡುಗ, ಬಹಳ ಮರ್ಯಾದೆಯಿಂದಲೇ ಮಾತಾಡಿದ. ಲೈಸೆನ್ಸು, ರಿಜಿಸ್ಟ್ರೇಷನ್ನು, ಇನ್ಶೂರೆನ್ಸ್ ಕಾರ್ಡು ತಗೊಂಡ, ಏನಾಯ್ತು ಅಂತ ಕೇಳಿದ. ಅವನ ಎದೆ ಮೇಲೆ ಪುಟ್ಟ ಕ್ಯಾಮೆರಾ ಇತ್ತು. ನಾನು ನಮ್ಮೂರಿನ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ, "ನಂದೇ ತಪ್ಪು, ನಾನು ನೋಡಲೇ ಇಲ್ಲ" ಅಂದೆ. ಅವನು ನಿರ್ಲಕ್ಷ್ಯದ ಚಾಲನೆ, ಅಂದ್ರೆ ಇಲ್ಲಿ ಕೇರ್‌ಲೆಸ್ ಡ್ರೈವಿಂಗ್ ಅಂತಾರಲ್ಲ, ಅದಕ್ಕೆ ಒಂದು ಟಿಕೆಟ್ ಬರೆದುಕೊಟ್ಟ. ಪೆಟ್ಟಾಗಿದ್ದರಿಂದ ದುಡ್ಡು ಕಟ್ಟಿ ಕೈತೊಳ್ಕೊಳ್ಳೋ ಹಾಗಿಲ್ಲ, ಕೋರ್ಟಿಗೆ ಹಾಜರಾಗಬೇಕು ಅಂದ.

ಈ ದೇಶದಲ್ಲಿ ಹೊಸದಾಗಿ ಕಾರು ಓಡಿಸೋರು ಇದನ್ನ ಓದ್ತಾ ಇದ್ದರೆ ಒಂದು ವಿಷಯ ಹೇಳಿಬಿಡ್ತೀನಿ. ಏನೇ ಆಗಲಿ, ನಿಲ್ಲಿಸಿ. ನ್ಯೂ ಜೆರ್ಸಿಯಲ್ಲಿ ಕೇರ್‌ಲೆಸ್ ಡ್ರೈವಿಂಗಿಗೆ ಲೈಸೆನ್ಸಿನ ಮೇಲೆ 2 ಪಾಯಿಂಟು, 50ರಿಂದ 200 ಡಾಲರ್ ದಂಡ. ಆದರೆ ಪೆಟ್ಟಾದವರನ್ನ ಬಿಟ್ಟು ಓಡಿಹೋದರೆ 8 ಪಾಯಿಂಟು, 2,500ರಿಂದ 5,000 ಡಾಲರ್ ದಂಡ, ಒಂದು ವರ್ಷ ಲೈಸೆನ್ಸ್ ರದ್ದು, ಜೈಲಿಗೂ ಕಳಿಸಬಹುದು. 12 ಪಾಯಿಂಟ್ ಆದರೆ ಲೈಸೆನ್ಸೇ ಹೋಗತ್ತೆ. ಅಂದ್ರೆ ಈ ಕಾನೂನಿನ ಲೆಕ್ಕದಲ್ಲಿ ಗುದ್ದಿದ್ದಕ್ಕಿಂತ ಗುದ್ದಿ ಓಡಿದ್ದು ನಾಲ್ಕು ಪಾಲು ದೊಡ್ಡ ತಪ್ಪು. ಇದು ನನಗೆ ಬಹಳ ಸರಿ ಅನ್ನಿಸತ್ತೆ. ನಿಲ್ಲಬೇಕು, ಹೆಸರು-ವಿಳಾಸ ಕೊಡಬೇಕು, ಕೈಲಾದ ಸಹಾಯ ಮಾಡಬೇಕು. ಇಷ್ಟನ್ನ ಕಾನೂನೇ ಹೇಳತ್ತೆ.

ಮಾತಾಡಬೇಕು ಅಂತ ಮಾತ್ರ ಎಲ್ಲೂ ಹೇಳಲ್ಲ.

ಮಾರನೇ ದಿನ ಇನ್ಶೂರೆನ್ಸ್ ಕಂಪನಿಯಿಂದ ಫೋನು. ಈ ಸಂಭಾಷಣೆಯನ್ನ ರೆಕಾರ್ಡ್ ಮಾಡ್ತಾ ಇದ್ದೀವಿ ಅಂತ ಶುರು. ನಿಮ್ಮ ಕಾರು ಎಷ್ಟು ವೇಗದಲ್ಲಿತ್ತು, ಮಳೆ ಎಷ್ಟು ಜೋರಿತ್ತು, ಅವರು ಹಾಕಿದ್ದ ಬಟ್ಟೆ ಯಾವ ಬಣ್ಣದ್ದು. ಈ ಕೊನೇ ಪ್ರಶ್ನೆ ಯಾಕೆ ಅಂತ ನನಗೆ ಆಗ ಹೊಳೀಲಿಲ್ಲ. ಎಲ್ಲಾ ಮುಗಿದ ಮೇಲೆ ನಾನು ಕೇಳಿದೆ: "ಅವರು ಯಾವ ಆಸ್ಪತ್ರೆಯಲ್ಲಿದ್ದಾರೆ? ನಾನೂ ನನ್ನ ಹೆಂಡತೀನೂ ಹೋಗಿ ನೋಡ್ಕೊಂಡು ಬರಬೇಕು ಅಂತಿದ್ದೀವಿ." ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಆ ಹೆಣ್ಣುಮಗಳು ಮಗುವಿಗೆ ಬುದ್ಧಿ ಹೇಳೋ ಹಾಗೆ, "ದಯವಿಟ್ಟು ಅದನ್ನ ಮಾತ್ರ ಮಾಡಬೇಡಿ" ಅಂದಳು.

ಟಿಕೆಟ್ಟಿನ ವಿಷಯಕ್ಕೆ ಹಿಡಿದ ವಕೀಲರೂ ಅದನ್ನೇ ಹೇಳಿದರು. ಇಲ್ಲಿ ಇಪ್ಪತ್ತೈದು ವರ್ಷದಿಂದ ಇರೋ ಗೆಳೆಯನಿಗೆ ಫೋನ್ ಮಾಡಿದರೆ ಅವನಂತೂ ಬೈದೇಬಿಟ್ಟ: "ನಿಂಗೆ ತಲೆ ಕೆಟ್ಟಿದ್ಯೇನೋ? ಹಣ್ಣಿನ ಬುಟ್ಟಿ ತಗೊಂಡು ಹೋಗ್ತಾನಂತೆ! ನಾಳೆ ಅವರ ಲಾಯರು ಆ ಬುಟ್ಟೀನ ಜ್ಯೂರಿ ಮುಂದೆ ಇಟ್ಟು, ಇವನು ತಪ್ಪು ಒಪ್ಕೊಂಡಿದ್ದಾನೆ ಅಂತಾನೆ." ಹೆಂಡತಿ ಆಗಲೇ ತಿಳಿಸಾರಿಗೆ ಬೇಳೆ ಬೇಯೋಕೆ ಇಟ್ಟಿದ್ದಳು. ಒಂಟಿ ಹೆಂಗಸು, ಕೈ ಮುರಿದಿದೆ, ಅಡುಗೆ ಹೇಗೆ ಮಾಡ್ಕೋತಾರೋ ಅನ್ನೋದು ಅವಳ ಚಿಂತೆ. ಆ ಸಾರನ್ನ ನಾವೇ ಉಂಡೆವು, ಇಬ್ಬರೂ ಮಾತಾಡಲಿಲ್ಲ.

*

ಈಗ ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಇಪ್ಪತ್ತೇಳು ವರ್ಷ ಹಿಂದಕ್ಕೆ. ಯಾಕೆ ಅಂದ್ರೆ ಆ ರಾತ್ರಿ ನಿದ್ದೆ ಬಾರದೇ ಬಿದ್ದುಕೊಂಡಿದ್ದಾಗ ನನ್ನ ತಲೆ ತಾನಾಗೇ ಅಲ್ಲಿಗೆ ಹೋಗಿತ್ತು.

1996ರಲ್ಲಿ ನಮ್ಮ ಚಿಕ್ಕಪ್ಪ ಸಾಗರದ ಪೇಟೆಯಿಂದ ಸೈಕಲ್ಲಿನಲ್ಲಿ ಮನೆಗೆ ಬರ್ತಾ ಇದ್ದಾಗ ಲಾರಿ ಗುದ್ದಿ ತೀರಿಕೊಂಡರು. 41 ವರ್ಷ. ಲಾರಿ ಡ್ರೈವರ್ ನಿಲ್ಲಿಸದೇ ಹೋದ, ಮಾರನೇ ದಿನ ಬೆಳಿಗ್ಗೆ ತಾನೇ ಪೊಲೀಸ್ ಸ್ಟೇಷನ್ನಿಗೆ ಬಂದು ಶರಣಾದ. ನಮ್ಮಲ್ಲಿ ಇದು ಹೊಸದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಓದಿದರೆ ಅದರಲ್ಲೇ ಇದೆ: ಡ್ರೈವರ್ ಆದವನು ಗಾಯಗೊಂಡವರಿಗೆ ಚಿಕಿತ್ಸೆ ಸಿಗೋ ಹಾಗೆ ನೋಡ್ಕೋಬೇಕು, ಉದ್ರಿಕ್ತ ಜನರ ಗುಂಪಿನಿಂದಾಗಿಯೋ ಬೇರೆ ಕೈಮೀರಿದ ಕಾರಣದಿಂದಲೋ ಅದು ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ. ಪೊಲೀಸರು ಅಲ್ಲಿಲ್ಲದಿದ್ದರೆ 24 ಗಂಟೆಯೊಳಗೆ ಸ್ಟೇಷನ್ನಿಗೆ ಹೋಗಿ ವರದಿ ಮಾಡಬೇಕು. ಜನ ಹಿಡಿದು ಹೊಡೀತಾರೆ ಅನ್ನೋ ಭಯವನ್ನ ಕಾನೂನೇ ಬರೆದಿಟ್ಟುಕೊಂಡಿದೆ ನೋಡಿ. ಆ ಡ್ರೈವರಿಗೂ ಅದೇ ಭಯ ಇದ್ದಿರಬೇಕು. ಆಗ ನಮಗೆ ಹಾಗೆ ಯೋಚಿಸೋ ತಾಳ್ಮೆ ಎಲ್ಲಿತ್ತು?

ಎರಡು ಕೇಸು ನಡೆದವು. ಒಂದು ಪೊಲೀಸರದ್ದು, ಐ.ಪಿ.ಸಿ. 279 ಮತ್ತು 304ಎ. ಇನ್ನೊಂದು ಪರಿಹಾರದ್ದು, ನಮ್ಮ ಕಡೆ ಎಂ.ವಿ.ಸಿ. ಕೇಸು ಅಂತಾರೆ. ನಾನು ಆಗ ಕಾಲೇಜಿನಲ್ಲಿದ್ದೆ, ಚಿಕ್ಕಮ್ಮನ ಜೊತೆ ಕೋರ್ಟಿಗೆ ಹೋಗೋ ಕೆಲಸ ನನ್ನದು. ಟಿಫಿನ್ ಕ್ಯಾರಿಯರಿನಲ್ಲಿ ಮೊಸರನ್ನ ಕಟ್ಟಿಕೊಂಡು ಬೆಳಿಗ್ಗೆಯ ಬಸ್ಸಿಗೆ ಹೊರಟರೆ, ಮುಂದಿನ ತಾರೀಖು ಬರೆಸಿಕೊಂಡು ಸಂಜೆ ವಾಪಸ್ಸು.

ಪರಿಹಾರದ ಲೆಕ್ಕ ಹೇಗೆ ಹಾಕ್ತಾರೆ ಅಂತ ನನಗೆ ಅಲ್ಲೇ ಗೊತ್ತಾಗಿದ್ದು. ಸತ್ತವರ ತಿಂಗಳ ದುಡಿಮೆ 1,500 ರೂಪಾಯಿ ಅಂತ ಇಟ್ಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲು ಅವರದ್ದೇ ಖರ್ಚು ಅಂತ ಕಳೀತಾರೆ, ಉಳಿದಿದ್ದು 1,000. ಅದನ್ನ 12ರಿಂದ ಗುಣಿಸಿದರೆ ವರ್ಷಕ್ಕೆ 12,000. ಅದನ್ನ ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಆಗಿನ ಕೋಷ್ಟಕದಲ್ಲಿ 40ರಿಂದ 45 ವಯಸ್ಸಿನವರಿಗೆ 15 ಇತ್ತು, ಅಲ್ಲಿಗೆ 1,80,000. (ಆಮೇಲೆ 2009ರಲ್ಲಿ ಸರಳಾ ವರ್ಮಾ ಅನ್ನೋ ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಗುಣಕಗಳನ್ನೆಲ್ಲ ಒಂದು ಹದಕ್ಕೆ ತಂದಿತು, ಈಗ 41ರಿಂದ 45ಕ್ಕೆ 14.) ಮನುಷ್ಯನನ್ನ ಮಗ್ಗಿಗೆ ಇಳಿಸೋದು ಕ್ರೂರ ಅನ್ನಿಸಬಹುದು, ಆದರೆ ಬೇರೆ ದಾರಿಯೂ ಇಲ್ಲ. ಆ ದುಡ್ಡಿನಿಂದಲೇ ಚಿಕ್ಕಮ್ಮ ಇಬ್ಬರು ಮಕ್ಕಳನ್ನ ಓದಿಸಿದ್ದು. ಅದನ್ನ ಹಗುರಾಗಿ ಮಾತಾಡೋ ಹಕ್ಕು ನನಗಿಲ್ಲ.

ಚಿಕ್ಕಮ್ಮನಿಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಎದುರು ಪಾರ್ಟಿಯವರು ಸಲ್ಲಿಸಿದ್ದ ತಕರಾರು ಅರ್ಜಿಯಲ್ಲಿ, ಮೃತನು ಹಿಂದುಮುಂದು ನೋಡದೆ ಒಮ್ಮೆಲೇ ಸೈಕಲ್ಲನ್ನು ರಸ್ತೆಯ ಮಧ್ಯಕ್ಕೆ ತಂದಿದ್ದರಿಂದ ಅವನ ಸ್ವಂತ ನಿರ್ಲಕ್ಷ್ಯದಿಂದಲೇ ಅಪಘಾತವಾಯಿತು ಅಂತ ಬರೆದಿತ್ತು. ನಮ್ಮ ವಕೀಲರು ಅದನ್ನ ಓದಿ ಹೇಳಿ, "ಇದು ಮಾಮೂಲಿ ಅಮ್ಮ, ಎಲ್ಲಾ ಕೇಸಲ್ಲೂ ಹೀಗೇ ಬರೀತಾರೆ" ಅಂದರು. ಚಿಕ್ಕಮ್ಮ ಬಸ್ಸಿನಲ್ಲಿ ಇಡೀ ದಾರಿ ಸುಮ್ಮನಿದ್ದವರು, ಮನೆ ಹತ್ತಿರ ಬಂದಾಗ, "ಅವರು ದಿನಾ ಎಡಗಡೇಲೇ ಬರ್ತಿದ್ರು" ಅಂದರು. ಅಷ್ಟೇ.

ಆ ಡ್ರೈವರನ್ನ ನಾವು ನೋಡಿದ್ದು ಕ್ರಿಮಿನಲ್ ಕೇಸಿನ ದಿನ, ಕೋರ್ಟಿನ ಜಗಲಿಯಲ್ಲಿ. ಮೂವತ್ತರ ಒಳಗಿನವನು, ತೆಳ್ಳಗೆ, ಮಾಸಿದ ಬಿಳಿ ಅಂಗಿ. ಅಲ್ಲಿದ್ದಿದ್ದು ಒಂದೇ ಬೆಂಚು. ಚಿಕ್ಕಮ್ಮ ನಿಂತಿದ್ದನ್ನ ನೋಡಿ ಅವನು ಎದ್ದು ಜಾಗ ಬಿಟ್ಟ, ಕಂಬಕ್ಕೆ ಒರಗಿ ನೆಲ ನೋಡ್ತಾ ನಿಂತ. ಅವನ ವಕೀಲರು ಬಂದು ತೋಳು ಹಿಡಿದು ಆ ಕಡೆ ಕರ್ಕೊಂಡು ಹೋದರು. ಕೊನೆಗೆ ಸಾಕ್ಷಿಗಳು ಉಲ್ಟಾ ಹೊಡೆದು ಅವನು ಬಿಡುಗಡೆ ಆದ. ಒಂದು ಮಾತು ಆಡಲಿಲ್ಲ.

ಎಷ್ಟೋ ವರ್ಷ ಚಿಕ್ಕಮ್ಮ ಆ ಬೆಂಚಿನ ವಿಷಯ ಹೇಳ್ತಿದ್ದರು. ಜಾಗ ಬಿಟ್ಟ, ಅಷ್ಟು ಮನುಷ್ಯತ್ವ ಇತ್ತು ಅವಂಗೆ. ಬೆನ್ನಿಗೇ ಇನ್ನೊಂದು ಮಾತೂ ಹೇಳ್ತಿದ್ದರು: "ಬಾಯಿಬಿಟ್ಟು ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು ಮಾರಾಯಾ?"

ಗಂಟು ಏನು ಹೋಗ್ತಿತ್ತು ಅನ್ನೋದು ನನಗೆ ಗೊತ್ತಾಗೋಕೆ ನ್ಯೂ ಜೆರ್ಸಿಯ ಒಂದು ಸಿಗ್ನಲ್ಲಿನ ತನಕ ಬರಬೇಕಾಯ್ತು.

*

ಇಂಗ್ಲೀಷಿನ 'ಸಾರಿ' ಬಹಳ ಚಾಲಾಕಿ ಪದ ನೋಡಿ. ಅಜ್ಜಿ ಸತ್ತರೂ ಸಾರಿ, ಕಾಲು ತುಳಿದರೂ ಸಾರಿ. ನಮ್ಮ ಕನ್ನಡದಲ್ಲಿ ಎರಡೂ ಬೇರೆ ಬೇರೆ. ಯಾರಿಗಾದರೂ ಕಷ್ಟ ಬಂದರೆ "ಅಯ್ಯೋ ಪಾಪ, ಹೀಗಾಗಬಾರದಿತ್ತು" ಅಂತೀವಿ. ನಾವೇ ಮಾಡಿದ್ದರೆ "ತಪ್ಪಾಯ್ತು" ಅಂತೀವಿ. ಕ್ಷಮಿಸಿ ಅನ್ನೋದು ಪುಸ್ತಕದ ಮಾತು, ಅಡುಗೆಮನೆಯಲ್ಲಿ ಯಾರೂ ಅನ್ನಲ್ಲ. ತಪ್ಪಾಯ್ತು ಅನ್ನೋ ಮಾತಿನೊಳಗೇ ತಪ್ಪು ಇದೆ, ಅದನ್ನ ಒಪ್ಪಿಕೊಳ್ಳದೇ ಆ ಮಾತು ಆಡೋಕೇ ಬರಲ್ಲ.

ಈ ಎರಡರ ನಡುವಿನ ಗೆರೆ ಇಲ್ಲಿನ ಕಾನೂನಿಗೂ ಗೊತ್ತಿದೆ. 1974ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಬ್ಬ ಸೆನೆಟರ ಮಗಳು ಸೈಕಲ್ಲಿನಲ್ಲಿ ಹೋಗ್ತಿದ್ದಾಗ ಕಾರು ಗುದ್ದಿ ತೀರಿಕೊಂಡಳಂತೆ. ಗುದ್ದಿದವನು ಒಂದು ದಿನವೂ ಬಂದು ಸಾರಿ ಅನ್ನಲಿಲ್ಲ. ಯಾಕೆ ಅಂತ ಕೇಳಿದಾಗ, ಹಾಗಂದರೆ ಕೇಸಿನಲ್ಲಿ ಅದೇ ತಪ್ಪೊಪ್ಪಿಗೆ ಆಗಿಬಿಡತ್ತೆ ಅಂತ ಅವನಿಗೆ ಹೆದರಿಕೆ ಅಂತ ಆ ತಂದೆಗೆ ಹೇಳಿದರು. ಆ ತಂದೆಯೂ ಅವರ ನಂತರ ಬಂದ ಸೆನೆಟರೂ ಸೇರಿ ತಂದ ಕಾನೂನು 1986ರಲ್ಲಿ ಜಾರಿಯಾಯ್ತು. ಅಪಘಾತದಲ್ಲಿ ನೊಂದವರಿಗೆ ಸಹಾನುಭೂತಿಯ ಮಾತು ಹೇಳಿದರೆ, ಪತ್ರ ಬರೆದರೆ, ಅದನ್ನ ಹೇಳಿದವನ ತಪ್ಪಿಗೆ ಸಾಕ್ಷಿ ಅಂತ ಕೋರ್ಟಿನಲ್ಲಿ ಬಳಸೋ ಹಾಗಿಲ್ಲ. ಆಮೇಲೆ ಟೆಕ್ಸಾಸ್, ಕ್ಯಾಲಿಫೋರ್ನಿಯಾ ಮುಂತಾದ ಕಡೆ ಇಂಥದ್ದೇ ಕಾನೂನು ಬಂತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ರಕ್ಷಣೆ ಇರೋದು ಅಯ್ಯೋ ಪಾಪಕ್ಕೆ ಮಾತ್ರ, ತಪ್ಪಾಯ್ತು ಅನ್ನೋದಕ್ಕೆ ಇಲ್ಲ! ಕೆನಡಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬ್ರಿಟಿಷ್ ಕೊಲಂಬಿಯಾದಲ್ಲಿ 2006ರಲ್ಲಿ, ಒಂಟಾರಿಯೋದಲ್ಲಿ 2009ರಲ್ಲಿ ಬಂದ ಕಾನೂನುಗಳಲ್ಲಿ ತಪ್ಪಾಯ್ತು ಅಂತ ಪೂರ್ತಿ ಒಪ್ಪಿಕೊಂಡರೂ ಅದನ್ನ ನಿಮ್ಮ ಮೇಲೆ ತಿರುಗಿಸೋ ಹಾಗಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಹತ್ರ ತಪ್ಪಾಯ್ತು ಅನ್ನೋಕೆ ಶಾಸನ ಸಭೆ ಸೇರಿ ಮಸೂದೆ ಪಾಸು ಮಾಡಬೇಕಾಯ್ತು ಅನ್ನೋದನ್ನ ನಮ್ಮಜ್ಜಿಗೆ ಹೇಳಿದ್ದರೆ ನಗ್ತಿದ್ದರು.

ಇಷ್ಟು ಓದಿದ ಮೇಲೆ ವಕೀಲರ ಹತ್ರ ಹೋಗಿ ಕೇಳಿದೆ: "ನಾನು ಕೋರ್ಟಿನಲ್ಲಿ ತಪ್ಪು ಒಪ್ಕೋತೀನಿ. ಗುದ್ದಿದ್ದು ನಾನೇ, ಸುಳ್ಳು ಹೇಳಲ್ಲ." ಅವರು ನಕ್ಕು, "ಧಾರಾಳವಾಗಿ ಒಪ್ಕೊಳ್ಳಿ. ಆದರೆ ಸಿವಿಲ್ ರಿಸರ್ವೇಷನ್ ಜೊತೆ" ಅಂದರು.

ಇದೇನು ಗೊತ್ತಾ? ನ್ಯೂ ಜೆರ್ಸಿಯ ಮುನಿಸಿಪಲ್ ಕೋರ್ಟಿನಲ್ಲಿ ಟ್ರಾಫಿಕ್ ಟಿಕೆಟ್ಟಿಗೆ ತಪ್ಪೊಪ್ಪಿಕೊಳ್ಳುವಾಗ, ಈ ಒಪ್ಪಿಗೆಯನ್ನ ಮುಂದೆ ಪರಿಹಾರದ ಸಿವಿಲ್ ಕೇಸಿನಲ್ಲಿ ಸಾಕ್ಷಿಯಾಗಿ ಬಳಸಬಾರದು ಅಂತ ಜಡ್ಜಿನಿಂದ ಆದೇಶ ಮಾಡಿಸಿಕೊಳ್ಳಬಹುದು. ಅಂದ್ರೆ ಈ ಕೋಣೆಯಲ್ಲಿ ನಾನು ತಪ್ಪಿತಸ್ಥ, ಪಕ್ಕದ ಕೋಣೆಯಲ್ಲಿ ಅದು ಯಾರಿಗೂ ಕೇಳಿಸಿಯೇ ಇಲ್ಲ. ಮೊದಲು ಕೇಳಿದಾಗ ಮೋಸ ಅನ್ನಿಸಿತು. ವಕೀಲರು ಬಿಡಿಸಿ ಹೇಳಿದರು. ಇದು ಇಲ್ಲದಿದ್ದರೆ ಯಾರೂ ತಪ್ಪು ಒಪ್ಪಿಕೊಳ್ಳಲ್ಲ, ಪ್ರತಿಯೊಂದು ಟಿಕೆಟ್ಟೂ ವಿಚಾರಣೆಗೆ ಹೋಗತ್ತೆ, ಕೈ ಮುರಿದುಕೊಂಡ ಆ ಹೆಂಗಸು ಬಂದು ಸಾಕ್ಷಿ ಹೇಳಿ ಪಾಟೀಸವಾಲು ಎದುರಿಸಬೇಕಾಗತ್ತೆ, ನೀವು ಹಾಕಿದ್ದ ಕೋಟಿನ ಬಣ್ಣ ಯಾವುದು ಅಂತ. ಆಗ ನನಗೆ ಇನ್ಶೂರೆನ್ಸಿನವರ ಬಣ್ಣದ ಪ್ರಶ್ನೆ ಅರ್ಥ ಆಯ್ತು. ಕಪ್ಪು ಕೋಟು, ಕತ್ತಲೆ, ಮಳೆ... ಚಿಕ್ಕಪ್ಪನ ಸೈಕಲ್ಲು ರಸ್ತೆಯ ಮಧ್ಯಕ್ಕೆ ಬಂದಿದ್ದು ಹೀಗೇ ಅಲ್ವೇ?

ಫೆಬ್ರವರಿಯಲ್ಲಿ ವಿಚಾರಣೆ, ಅದೂ ಜೂಮಿನಲ್ಲಿ. ಮೇಲೆ ಟೈ ಕೋಟು, ಕೆಳಗೆ ಪೈಜಾಮ ಅಂತ ತಮಾಷೆ ಮಾಡ್ತೀವಲ್ಲ, ನಾನು ಪೂರ್ತಿ ಸೂಟು ಹಾಕಿ ಬೂಟು ಕೂಡಾ ಹಾಕಿ ಊಟದ ಮೇಜಿನ ಮುಂದೆ ಕೂತಿದ್ದೆ. ಪರದೆ ತುಂಬ ಪುಟ್ಟ ಪುಟ್ಟ ಚೌಕಗಳು. ಅದರಲ್ಲೊಂದು ಅವರದು. ಕ್ಯಾಮೆರಾ ಹೇಗೆ ಇಡೋದು ಅಂತ ಗೊತ್ತಾಗಿರಲಿಲ್ಲವೇನೋ, ಅರ್ಧ ಹಣೆ, ಮೇಲೊಂದು ಸೀಲಿಂಗ್ ಫ್ಯಾನು ಅಷ್ಟೇ ಕಾಣಿಸ್ತಿತ್ತು. ಅವರ ಕೈ ಕಾಣಿಸಲಿಲ್ಲ.

ಏನಾಯ್ತು ಹೇಳಿ ಅಂತ ಜಡ್ಜು ಕೇಳಿದರು. ಎಡಕ್ಕೆ ತಿರುಗುವಾಗ ದಾಟೋ ಜಾಗವನ್ನ ನಾನು ಸರಿಯಾಗಿ ನೋಡಲಿಲ್ಲ, ಅವರು ಸರಿಯಾದ ಜಾಗದಲ್ಲೇ ದಾಟ್ತಿದ್ದರು ಅಂದೆ. ಈ ಎರಡನೇ ವಾಕ್ಯ ವಕೀಲರ ಜೊತೆ ಮಾತಾಡಿಕೊಂಡಿದ್ದರಲ್ಲಿ ಇರಲಿಲ್ಲ. ಅವರ ಚೌಕದಲ್ಲಿ ಹುಬ್ಬು ಏರಿದ್ದು ಕಾಣಿಸಿತು. ಈ ಒಪ್ಪಿಗೆಯನ್ನ ಸಿವಿಲ್ ಕೇಸಿನಲ್ಲಿ ಬಳಸಬಾರದು ಅಂತ ಕೇಳಿದ್ದಾರೆ, ನಿಮ್ಮ ಆಕ್ಷೇಪಣೆ ಇದೆಯಾ ಅಂತ ಜಡ್ಜು ಅವರನ್ನ ಕೇಳಿದರು. ಫ್ಯಾನಿನ ಕೆಳಗಿಂದ "ನೋ, ಯುವರ್ ಆನರ್" ಅಂತ ದನಿ ಬಂತು. ನಾನು ಅವರ ದನಿ ಕೇಳಿದ್ದು ಅದು ಎರಡನೇ ಸಲ.

ಕೊನೆಗೆ ಏನಾದರೂ ಹೇಳೋದಿದೆಯಾ ಅಂತ ನನ್ನನ್ನ ಕೇಳಿದರು. ವಕೀಲರೂ ನಾನೂ ಸೇರಿ ಒಂದು ವಾಕ್ಯ ತಯಾರು ಮಾಡಿಟ್ಟಿದ್ದೆವು, ಅದರಲ್ಲಿ ಮುಳ್ಳು ಒಂದೂ ಇರದ ಹಾಗೆ. "ಅವರು ಬೇಗ ಗುಣವಾಗಲಿ ಅಂತ ಆಶಿಸ್ತೀನಿ" ಅಂದೆ. ಶುಭಾಶಯ ಪತ್ರದ ಅಂಗಡಿಯಲ್ಲಿ ಸಿಗೋ ವಾಕ್ಯ. ದಂಡ ಹೇಳಿದರು, ಕೋರ್ಟಿನ ಖರ್ಚು ಹೇಳಿದರು, 2 ಪಾಯಿಂಟು. ಇನ್ನೊಬ್ಬರ ಹೆಸರು ಕೂಗಿದರು. ಅವರ ಚೌಕ ಮಾಯ ಆಯ್ತು.

ಇನ್ನು ಉಳಿದಿದ್ದು ಪರಿಹಾರ. ನ್ಯೂ ಜೆರ್ಸಿ 1973ರಿಂದ ನೋ-ಫಾಲ್ಟ್ ರಾಜ್ಯ, ಅಂದ್ರೆ ತಪ್ಪು ಯಾರದ್ದು ಅಂತ ತೀರ್ಮಾನ ಆಗೋವರೆಗೆ ಕಾಯದೇ ಆಸ್ಪತ್ರೆಯ ಖರ್ಚನ್ನ ಇನ್ಶೂರೆನ್ಸು ಕೊಡತ್ತೆ. ಅದಕ್ಕೆ ಪ್ರತಿಯಾಗಿ, ಕಡಿಮೆ ಪ್ರೀಮಿಯಮ್ಮಿನ ಆಯ್ಕೆ ತಗೊಂಡವರು ನೋವಿಗೆ ಅಂತ ದಾವೆ ಹಾಕಬೇಕಾದರೆ ಪೆಟ್ಟು ಒಂದು ಪಟ್ಟಿಯೊಳಗೆ ಬರಬೇಕು: ಸಾವು, ಅಂಗ ಹೋಗೋದು, ಎದ್ದು ಕಾಣೋ ಕಲೆ, ಶಾಶ್ವತ ಊನ ಇತ್ಯಾದಿ. ಮೂಳೆ ಮುರಿದರೆ ಸಾಲದು, ಮುರಿದ ಮೂಳೆ ಜಾಗ ಬಿಟ್ಟು ಜರುಗಿರಬೇಕು. ಅವರ ಮಣಿಕಟ್ಟಿನ ಮೂಳೆ ಜರುಗಿತ್ತು. ಇದು ನನಗೆ ಗೊತ್ತಾಗಿದ್ದು ಒಂದು ಕಾಗದದಿಂದ. ಓದಿ ಮೊದಲು ಅನ್ನಿಸಿದ್ದು 'ಅಯ್ಯೋ' ಅಂತ. ಮರುಕ್ಷಣವೇ, 'ಹಾಗಾದ್ರೆ ದಾವೆ ಹಾಕ್ತಾರೆ' ಅಂತ. ಆ ಎರಡನೇ ಯೋಚನೆ ಅಷ್ಟು ಬೇಗ ಬಂತಲ್ಲ ಅನ್ನೋ ನಾಚಿಕೆ ಈಗಲೂ ಇದೆ.

ದಾವೆ ಹಾಕೋಕೆ ಇಲ್ಲಿ ಎರಡು ವರ್ಷದ ಗಡುವು. ಅಲ್ಲಿಯವರೆಗೂ ಹೋಗಲಿಲ್ಲ, 2025ರಲ್ಲಿ ಎರಡೂ ಕಡೆಯವರು ಕೂತು ಬಗೆಹರಿಸಿಕೊಂಡರು. ನನಗೆ ಬಂದಿದ್ದು ಒಂದು ಪುಟದ ಕಾಗದ. ಅದರಲ್ಲಿ ಅವರು ಸಹಿ ಹಾಕಿದ್ದರು, ಇನ್ನು ಮುಂದೆ ಈ ವಿಷಯದಲ್ಲಿ ನನ್ನ ಮೇಲೆ ಯಾವ ಹಕ್ಕೂ ಸಾಧಿಸೋದಿಲ್ಲ ಅಂತ.

*

ಅವತ್ತು ರಾತ್ರಿ ಸಾಗರಕ್ಕೆ ಫೋನ್ ಮಾಡಿದೆ. ಚಿಕ್ಕಮ್ಮನಿಗೆ ಈಗ ಎಪ್ಪತ್ತು ಹತ್ತಿರ, ಕಿವಿ ಸ್ವಲ್ಪ ಮಂದ, ಆದರೆ ವಾಟ್ಸಾಪಿನಲ್ಲಿ ಜೋರು. ಇಷ್ಟು ದಿನ ಅವರಿಗೂ ಹೇಳಿರಲಿಲ್ಲ. ವಕೀಲರು ಬೇಡ ಅಂದಿದ್ದರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ, ನಿಜವಾಗಿ ಹೇಳೋ ಧೈರ್ಯ ಇರಲಿಲ್ಲ. ಎಲ್ಲಾ ಹೇಳಿದೆ, ಸಿಗ್ನಲ್ಲು, ಹಾಲು, ಕೋರ್ಟು, ಪಾಯಿಂಟು, ಸೆಟ್ಲ್‌ಮೆಂಟು. ಸುಮ್ಮನೆ ಕೇಳಿಸಿಕೊಂಡರು.

"ಕೈ ಸರಿ ಹೋಯ್ತನಾ ಅವಳಿಗೆ?" ಅಂದರು.

ಗೊತ್ತಿಲ್ಲ ಅಂದೆ.

"ಎಂತ ಗೊತ್ತಿಲ್ಲ?"

"ಕೇಳೋ ಹಾಗಿರಲಿಲ್ಲ ಚಿಕ್ಕಮ್ಮ."

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಫೋನ್ ಕಟ್ ಆಯ್ತೇನೋ ಅಂದುಕೊಂಡೆ. ಆಮೇಲೆ, "ಹಂಗಾರೆ ಆ ಹುಡುಗಂಗೂ ಹಿಂಗೇ ಹೇಳಿರ್ತಾರೆ" ಅಂದರು. ಯಾವ ಹುಡುಗ ಅಂತ ನಾನು ಕೇಳಲಿಲ್ಲ. ಬೆಂಚು ಬಿಟ್ಟುಕೊಟ್ಟ ಆ ಹುಡುಗನಿಗೆ ಈಗ ಅರವತ್ತರ ಹತ್ತಿರ ಇರಬೇಕು.

ಕಾನೂನನ್ನ ಬಯ್ಯೋಕೆ ನಾನು ಇದನ್ನ ಬರೀತಾ ಇಲ್ಲ. ಕಾನೂನು ಇಲ್ಲದಿದ್ದರೆ ನಾನು ಅವತ್ತು ನಿಲ್ಲಿಸ್ತಿದ್ದೆನಾ ಅಂತ ನನ್ನನ್ನೇ ಕೇಳಿಕೊಂಡಿದ್ದೀನಿ. ನಿಲ್ಲಿಸ್ತಿದ್ದೆ ಅಂತಲೇ ಅನ್ನಿಸತ್ತೆ, ಆದರೆ ಸುತ್ತ ನೂರು ಜನ ಕೋಲು ಹಿಡಿದು ಬರ್ತಿದ್ದರೆ? ನಮ್ಮಲ್ಲೂ ಎಷ್ಟೋ ಬದಲಾಗಿದೆ. ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದವರನ್ನ ಪೊಲೀಸರು ಸತಾಯಿಸಬಾರದು ಅಂತ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು, ಕರ್ನಾಟಕ ಅದಕ್ಕೇ ಅಂತ ತನ್ನದೇ ಒಂದು ಕಾಯ್ದೆ ಮಾಡಿತು. ಗುದ್ದಿ ಓಡಿದವರು ಸಿಗದೇ ಹೋದರೆ ಸತ್ತವರ ಮನೆಯವರಿಗೆ ಸಿಗ್ತಿದ್ದ 25,000 ರೂಪಾಯಿ 2022ರ ಏಪ್ರಿಲ್‌ನಿಂದ 2 ಲಕ್ಷ ಆಗಿದೆ. ಇವೆಲ್ಲ ಆಗಬೇಕಾದ್ದೇ. ಆದರೆ ಅಲ್ಲಿ ಜನರ ಗುಂಪಿಗೆ ಹೆದರಿ, ಇಲ್ಲಿ ವಕೀಲರಿಗೆ ಹೆದರಿ, ಎರಡೂ ಕಡೆ ನಾವು ನುಂಗಿಕೊಳ್ಳೋದು ಅದೇ ಒಂದು ಮಾತನ್ನ. ಪರಿಹಾರದ ಚೆಕ್ಕಿನ ಜೊತೆ ಅದು ಬರಲ್ಲ. ಅದನ್ನ ಗುದ್ದಿದವನೇ ಹೇಳಬೇಕು.

ವಕೀಲರಿಗೆ ಮತ್ತೆ ಫೋನ್ ಮಾಡಿ, ಈಗ ಒಂದು ಪತ್ರ ಬರೆದರೆ ತೊಂದರೆ ಇದೆಯಾ ಅಂತ ಕೇಳಿದೆ. "ಈಗ ಏನೂ ತೊಂದರೆ ಇಲ್ಲ. ಆದರೆ ಈಗ ಯಾಕೆ?" ಅಂದರು. ಅದಕ್ಕೆ ಇಂಗ್ಲೀಷಿನಲ್ಲಿ ಉತ್ತರ ಹೊಳೀಲಿಲ್ಲ.

ಪತ್ರ ಬರೆದೆ, ಕೈಯಲ್ಲೇ. ನೇರ ಅವರ ಮನೆಗೆ ಕಳಿಸೋದು ಸರಿ ಅನ್ನಿಸಲಿಲ್ಲ, ಅವರ ವಕೀಲರ ಆಫೀಸಿಗೆ ಕಳಿಸಿ, ಅವರಿಗೆ ಬೇಕು ಅನ್ನಿಸಿದರೆ ಮಾತ್ರ ಕೊಡಿ ಅಂತ ಚೀಟಿ ಇಟ್ಟೆ. ಪತ್ರದಲ್ಲಿ ಇದ್ದಿದ್ದು ನಾಲ್ಕೇ ವಾಕ್ಯ. ನಾನು ನೋಡಲಿಲ್ಲ, ಅದು ನನ್ನ ತಪ್ಪು, ನಿಮ್ಮದಲ್ಲ. ಎರಡು ವರ್ಷ ಇದನ್ನ ಹೇಳೋಕೆ ಆಗಲಿಲ್ಲ, ಅದೂ ನನ್ನ ತಪ್ಪೇ. ನಿಮ್ಮ ಕೈ ಈಗ ಹೇಗಿದೆ ಅಂತ ದಿನಾ ಆ ಸಿಗ್ನಲ್ಲಿನಲ್ಲಿ ಯೋಚಿಸ್ತೀನಿ. ಉತ್ತರ ಬರೆಯಬೇಕಾದ ಅಗತ್ಯ ಇಲ್ಲ.

ಉತ್ತರ ಬಂದಿಲ್ಲ. ಬರತ್ತೆ ಅಂತ ಕಾಯ್ತಾನೂ ಇಲ್ಲ ಅಂದ್ರೆ ಸುಳ್ಳಾಗತ್ತೆ. ಭಾನುವಾರದ ಫೋನಿನಲ್ಲಿ ಚಿಕ್ಕಮ್ಮ ತಪ್ಪದೇ ಕೇಳ್ತಾರೆ, ಬಂತಾ ಅಂತ. ಇಲ್ಲ ಅಂತೀನಿ.

"ಅಡ್ಡಿಲ್ಲೆ ಬಿಡು," ಅಂತಾರೆ. "ಓದಿರ್ತಾಳೆ."